ಮಗುವಿನ ಅಂಗ ಕಸಿ: ಮನೆಯ ಸಿದ್ಧತೆ

(ಸಂಸ್ಥೆಯ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪೋಷಕರ ಸಭೆಯಲ್ಲಿ ನಾವು ಸಾಮಾನ್ಯವಾಗಿ ಮಾತನಾಡುವುದು ಎಸ್ಸೆಸ್ಸೆಲ್ಸಿ ಫಲಿತಾಂಶ, ಹಾಜರಾತಿ, ವಿದ್ಯಾರ್ಥಿವೇತನ ಇವುಗಳ ಬಗ್ಗೆ. ಇಂದು ನಾನು ಆರಿಸಿಕೊಂಡ ವಿಷಯ ಆಸ್ಪತ್ರೆಯಲ್ಲಿ ಮಾತನಾಡಬೇಕಾದದ್ದು ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಮನೆಯ ಮಗುವಿಗೆ ಅಂಗ ಕಸಿಯ ಆಪರೇಷನ್ ಆಗಬೇಕೆಂದು ಡಾಕ್ಟರರು ಹೇಳಿದಾಗ ಆ ಮನೆಯವರು ಹೇಗೆ ಸಿದ್ಧರಾಗಬೇಕು ಎಂಬುದು ಆ ವಿಷಯ.

ನಾನು ಡಾಕ್ಟರ್ ಅಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಎರಡೂ ಭಾಷೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಮನೆಯವರು ಆಸ್ಪತ್ರೆಯ ಫೈಲು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಅವಳ ಐದು ವರ್ಷದ ತಮ್ಮನಿಗೆ ಲಿವರ್ ಕಸಿ ಆಗಬೇಕಿತ್ತು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಸಮಾಲೋಚಕರ ಮಾತು ಕನ್ನಡದಲ್ಲಿ. ಆದರೆ ಮನೆಯಲ್ಲಿ ಕೊನೆಯ ಮಾತು ಆಡುವ ದಾದಿಮಾ ಅವರಿಗೆ ತಿಳಿಯುವುದು ನಮ್ಮ ಮನೆಮಾತಿನ ಉರ್ದು ಮಾತ್ರ. ಕೆಲವು ತಿಂಗಳು ನಾನು ಅವರ ನಡುವೆ ಮಾತು ದಾಟಿಸುವ ಕೆಲಸ ಮಾಡಿದೆ. ಆಗ ನನಗೆ ಸ್ಪಷ್ಟವಾದದ್ದು ಇಷ್ಟು: ಆಪರೇಷನ್ನಿಗೆ ಡಾಕ್ಟರರು ಸಿದ್ಧರಾಗಿಯೇ ಇರುತ್ತಾರೆ, ಸಿದ್ಧವಾಗಬೇಕಾದದ್ದು ಮನೆ. ಆ ಸಿದ್ಧತೆಯ ಮೊದಲ ಮೆಟ್ಟಿಲು ಹಣವೂ ಅಲ್ಲ, ಕಾಗದಪತ್ರವೂ ಅಲ್ಲ. ಮನೆಯ ಪ್ರತಿಯೊಬ್ಬರಿಗೂ, ಆ ಮಗುವಿಗೂ ಸಹ, ನಿಜವನ್ನು ಅವರವರ ವಯಸ್ಸಿಗೆ ತಕ್ಕಂತೆ ಹೇಳುವುದು.

ಮಕ್ಕಳಲ್ಲಿ ಕಿಡ್ನಿ, ಲಿವರ್, ಹೃದಯ ಮುಂತಾದ ಅಂಗಗಳ ಕಸಿ ನಡೆಯುತ್ತದೆ. ನಾನು ಲಿವರ್ ಕಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಇದರಲ್ಲಿ ಬಹಳ ಸಲ ತಾಯಿ ಅಥವಾ ತಂದೆ ಮತ್ತು ಮಗು, ಇಬ್ಬರೂ ಒಂದೇ ದಿನ ಆಪರೇಷನ್ ಕೋಣೆಗೆ ಹೋಗುತ್ತಾರೆ. ಆದ್ದರಿಂದ ಇಡೀ ಮನೆಯೇ ಪರೀಕ್ಷೆಗೆ ಕುಳಿತಂತೆ.

ಮೊದಲು ರೋಗ ತಿಳಿಯೋಣ

ಪ್ರಪಂಚದಾದ್ಯಂತ ಚಿಕ್ಕ ಮಕ್ಕಳಿಗೆ ಲಿವರ್ ಕಸಿ ಮಾಡಬೇಕಾಗಿ ಬರುವ ಅತಿ ಮುಖ್ಯ ಕಾರಣ ಬಿಲಿಯರಿ ಅಟ್ರೀಸಿಯಾ ಎಂಬ ರೋಗ. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ನಾಳಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಮುಚ್ಚಿಹೋಗಿರುತ್ತವೆ. ಪಿತ್ತ ಒಳಗೇ ನಿಂತು ಲಿವರನ್ನು ಕೆಡಿಸುತ್ತದೆ. ಇದರ ಗುರುತು ಹಿಡಿಯಲು ಯಂತ್ರ ಬೇಕಿಲ್ಲ, ತಾಯಿಯ ಕಣ್ಣು ಸಾಕು. ಎರಡು ವಾರ ಕಳೆದರೂ ಮಗುವಿನ ಕಾಮಾಲೆ ಇಳಿಯದಿದ್ದರೆ, ಮಲ ಸುಣ್ಣದಂತೆ ಅಥವಾ ಜೇಡಿಮಣ್ಣಿನಂತೆ ಬಿಳಿಚಿಕೊಂಡಿದ್ದರೆ, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಬಿಡುತ್ತಿದ್ದರೆ ಅದೇ ದಿನ ಮಕ್ಕಳ ಡಾಕ್ಟರರಿಗೆ ತೋರಿಸಬೇಕು. ನಮ್ಮಲ್ಲಿ ಎಳೆಬಿಸಿಲಿಗೆ ಹಿಡಿಯುವುದು, ಸೊಪ್ಪಿನ ರಸ ಕುಡಿಸುವುದು, ತಾಯಿತ ಕಟ್ಟುವುದು, ಹೀಗೆ ವಾರಗಳು ಕಳೆದುಹೋಗುತ್ತವೆ. ಈ ರೋಗದಲ್ಲಿ ಕಳೆದ ವಾರ ಮತ್ತೆ ಬರುವುದಿಲ್ಲ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ಅವರು ಕಂಡುಹಿಡಿದ ಒಂದು ಆಪರೇಷನ್ ಇದೆ. ಮಗು ಹುಟ್ಟಿದ 60 ದಿನಗಳೊಳಗೆ ಅದನ್ನು ಮಾಡಿದರೆ ಪಿತ್ತ ಹರಿಯುವ ಅವಕಾಶ ಹೆಚ್ಚು. ಹಾಗೆ ಮಾಡಿಸಿದ ಮಕ್ಕಳಲ್ಲೂ ಅನೇಕರಿಗೆ ಮುಂದೆ ಕಸಿ ಬೇಕಾಗುತ್ತದೆ. ಆದರೆ ಮಗು ಬೆಳೆದು ಗಟ್ಟಿಯಾಗಲು ಸಮಯ ಸಿಗುತ್ತದೆ.

ನಾನು ಹೇಳಿದ ಹುಡುಗನಿಗೆ ಎರಡನೇ ತಿಂಗಳಲ್ಲೇ ಈ ಆಪರೇಷನ್ ಆಗಿತ್ತು. ಹಳೆಯ ಫೈಲಿನಲ್ಲಿ 'ಕಸಾಯಿ ಆಪರೇಷನ್' ಎಂಬುದನ್ನು ನಾನು ಗಟ್ಟಿಯಾಗಿ ಓದಿದಾಗ ದಾದಿಮಾ ಮುಖ ಕಪ್ಪಿಟ್ಟಿತು. ನಮ್ಮ ಮಾತಿನಲ್ಲಿ ಕಸಾಯಿ ಎಂದರೆ ಯಾರೆಂದು ನಿಮಗೆಲ್ಲ ಗೊತ್ತು. ಐದು ವರ್ಷದಿಂದ ಆ ಹೆಸರು ಅವರ ಕಿವಿಗೆ ಬೀಳುತ್ತಲೇ ಇತ್ತು. ಅದು ಒಬ್ಬ ಡಾಕ್ಟರರ ಹೆಸರು ಎಂದು ಯಾರೂ ಹೇಳಿರಲಿಲ್ಲ. ಮೊಮ್ಮಗನನ್ನು ಆಸ್ಪತ್ರೆಗೆ ಕಳಿಸಲು ಅವರು ಪ್ರತಿಸಲ ಏಕೆ ಹಿಂಜರಿಯುತ್ತಿದ್ದರೆಂದು ಅಂದು ಮನೆಯವರಿಗೆ ಅರ್ಥವಾಯಿತು. ಹಿರಿಯರು ಅಡ್ಡ ಬರುತ್ತಾರೆ ಎಂದು ನಾವು ದೂರುತ್ತೇವೆ. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ್ದೇವೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಈ ರೋಗ ಬಂದದ್ದು ತಾಯಿಯ ತಪ್ಪಿನಿಂದಲ್ಲ. ಬಸಿರಿನಲ್ಲಿ ಏನೋ ತಿಂದಳು, ಗ್ರಹಣದ ದಿನ ಹೊರಗೆ ಬಂದಳು ಎಂಬ ಮಾತುಗಳಿಗೆ ಆಧಾರವಿಲ್ಲ. ವಿಲ್ಸನ್ ಕಾಯಿಲೆಯಂತಹ ಬೇರೆ ಕೆಲವು ಲಿವರ್ ರೋಗಗಳು ವಂಶವಾಹಿಯಿಂದ ಬರುತ್ತವೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಅವುಗಳ ಸಾಧ್ಯತೆ ಹೆಚ್ಚು. ಅಲ್ಲಿಯೂ ರೋಗದ ವಂಶವಾಹಿ ತಂದೆ, ತಾಯಿ ಇಬ್ಬರಿಂದಲೂ ಬಂದಿರುತ್ತದೆ. ಅಂತಹ ಮನೆಯಲ್ಲಿ ಸೊಸೆಯನ್ನು ದೂರುವ ಬದಲು ಉಳಿದ ಮಕ್ಕಳಿಗೆ ಪರೀಕ್ಷೆ ಮಾಡಿಸಬೇಕು.

ಜಿಗರ್‌ನ ತುಂಡು

ಲಿವರ್‌ಗೆ ಕನ್ನಡ ಪುಸ್ತಕಗಳಲ್ಲಿ ಯಕೃತ್ತು, ಪಿತ್ತಜನಕಾಂಗ ಎಂದು ಬರೆಯುತ್ತೇವೆ. ಉರ್ದುವಿನಲ್ಲಿ ಅದು ಜಿಗರ್. ನಮ್ಮ ತಾಯಂದಿರು ಮಗುವನ್ನು ಮುದ್ದಿನಿಂದ 'ಜಿಗರ್ ಕಾ ಟುಕ್ಡಾ' ಎನ್ನುತ್ತಾರೆ. ಕನ್ನಡದ ತಾಯಿ ಅದೇ ಪ್ರೀತಿಗೆ 'ಕರುಳ ಕುಡಿ' ಎನ್ನುತ್ತಾಳೆ. ದಾದಿಮಾ ಅವರಿಗೆ ನಾನು ಕಸಿಯ ವಿಷಯ ತಿಳಿಸಿದ್ದು ಈ ಮಾತಿನ ಮೂಲಕವೇ. ಸೊಸೆಯ ಜಿಗರ್‌ನಿಂದ ಒಂದು ತುಂಡು ತೆಗೆದು ಮೊಮ್ಮಗನಿಗೆ ಇಡುತ್ತಾರೆ, ಸೊಸೆಯ ಜಿಗರ್ ಮತ್ತೆ ಬೆಳೆಯುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾವು ಬಾಯಲ್ಲಿ ಹೇಳುವುದನ್ನು ಡಾಕ್ಟರರು ಕೈಯಲ್ಲಿ ಮಾಡುತ್ತಾರೆ" ಎಂದರು.

ನಿಜವೂ ಅದೇ. ನಮ್ಮ ದೇಹದೊಳಗಿನ ಅಂಗಗಳಲ್ಲಿ ಕತ್ತರಿಸಿದ ಮೇಲೆ ಮತ್ತೆ ಬೆಳೆಯುವ ಶಕ್ತಿ ಲಿವರಿಗಿದೆ. ಚಿಕ್ಕ ಮಗುವಿಗೆ ದೊಡ್ಡವರ ಲಿವರಿನ ಎಡಭಾಗದ ಸುಮಾರು ಕಾಲು ಭಾಗ ಸಾಕಾಗುತ್ತದೆ. ಕೊಟ್ಟವರ ಲಿವರ್ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬರುತ್ತದೆ. ಮಗುವಿನೊಳಗಿನ ತುಂಡು ಮಗುವಿನೊಂದಿಗೇ ಬೆಳೆಯುತ್ತದೆ.

ಈ ವಿದ್ಯೆ ಸುಲಭವಾಗಿ ಸಿಕ್ಕಿದ್ದಲ್ಲ. 1963ರಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಲಿವರ್ ಕಸಿ ಮಾಡಿದರು. ಆ ರೋಗಿ ಬಿಲಿಯರಿ ಅಟ್ರೀಸಿಯಾ ಇದ್ದ ಮೂರು ವರ್ಷದ ಮಗು. ಅದು ಉಳಿಯಲಿಲ್ಲ. 1967ರಲ್ಲಿ ಅವರೇ ಕಸಿ ಮಾಡಿದ ಒಂದು ಹೆಣ್ಣುಮಗು ವರ್ಷಕ್ಕೂ ಹೆಚ್ಚು ಬದುಕಿತು. ಬದುಕಿರುವವರ ಲಿವರಿನ ತುಂಡು ತೆಗೆದು ಮಗುವಿಗೆ ಇಡುವ ಕಸಿ ಮೊದಲು ಯಶಸ್ವಿಯಾದದ್ದು 1989ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ. ಅಲ್ಲಿ ತಾಯಿ ಮಗನಿಗೆ ಕೊಟ್ಟಳು. ನಮ್ಮ ದೇಶದಲ್ಲಿ ಮಗುವಿನ ಮೊದಲ ಯಶಸ್ವಿ ಲಿವರ್ ಕಸಿ 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ ನಡೆಯಿತು. ತಮಿಳುನಾಡಿನ ಆ ಪುಟ್ಟ ಮಗುವಿಗೆ ತಂದೆ ತನ್ನ ಲಿವರಿನ ಭಾಗ ಕೊಟ್ಟರು. ಆ ಮಗು ಬೆಳೆದು ತಾನೇ ಡಾಕ್ಟರ್ ಆದ. ಇಂದು ಅನುಭವವಿರುವ ಆಸ್ಪತ್ರೆಗಳಲ್ಲಿ ಕಸಿಯಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಮೊದಲ ವರ್ಷವನ್ನು ದಾಟುತ್ತಾರೆ. ಹತ್ತನೆಯ ಮಗುವಿನ ಮನೆಯೂ ಒಂದು ಮನೆಯೇ. ಆದ್ದರಿಂದ ಸಹಿ ಹಾಕುವ ಮೊದಲು ಆ ಮಾತನ್ನೂ ಗಂಡ ಹೆಂಡತಿ ಒಟ್ಟಿಗೆ ಕುಳಿತು ಕೇಳಿಕೊಳ್ಳಬೇಕು.

ಧರ್ಮ ಮತ್ತು ಕಾನೂನು

ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಇದು ಜಾಯಿಝೇ ಎಂಬುದು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಷರತ್ತುಗಳೊಂದಿಗೆ ಅಂಗ ಕಸಿಗೆ ಅನುಮತಿಯ ನಿರ್ಣಯ ಮಾಡಿದೆ. ಕೊಡುವವರ ಜೀವಕ್ಕೆ ಹಾನಿಯಾಗಬಾರದು, ಅವರು ಸ್ವಇಚ್ಛೆಯಿಂದ ಕೊಡಬೇಕು, ಮಾರಾಟ ಕೂಡದು ಎಂಬುವು ಆ ಷರತ್ತುಗಳಲ್ಲಿ ಮುಖ್ಯವಾದವು. ನಮ್ಮ ಉಪಖಂಡದ ಉಲಮಾಗಳಲ್ಲಿ, ವಿಶೇಷವಾಗಿ ಮರಣಾನಂತರದ ದಾನದ ಬಗ್ಗೆ, ಭಿನ್ನಾಭಿಪ್ರಾಯವಿದೆ. ನಿಮ್ಮ ಮನೆಯವರು ನಂಬುವ ಆಲಿಮರನ್ನು ಕೇಳಿ. ಆದರೆ ಆಪರೇಷನ್ನಿನ ಹಿಂದಿನ ರಾತ್ರಿ ಕೇಳಬೇಡಿ. ಕಸಿ ಬೇಕೆಂದು ಡಾಕ್ಟರರು ಹೇಳಿದ ವಾರವೇ ಕೇಳಿ, ಡಾಕ್ಟರರ ಮಾತನ್ನು ಪೂರ್ತಿ ತಿಳಿದುಕೊಂಡು ಹೋಗಿ ಕೇಳಿ.

ಕಾನೂನಿನ ಮಾತು ಸ್ಪಷ್ಟವಾಗಿದೆ. ಮಾನವ ಅಂಗಗಳ ಕಸಿ ಕಾಯ್ದೆ 1994ರಲ್ಲಿ ಬಂತು, 2011ರಲ್ಲಿ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳಾದವು. ಮಗುವಿಗೆ ತಂದೆ, ತಾಯಿ, 18 ವರ್ಷ ತುಂಬಿದ ಅಣ್ಣ ಅಥವಾ ಅಕ್ಕ, ಅಜ್ಜ, ಅಜ್ಜಿ ಇವರು ಹತ್ತಿರದ ಸಂಬಂಧಿಗಳು. ಮಾಮೂ, ಚಾಚಾ, ಖಾಲಾ, ಫೂಫಿ ಕೊಡುವುದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಅಂಗವನ್ನು ಮಾರುವುದೂ ಕೊಳ್ಳುವುದೂ ಜೈಲುಶಿಕ್ಷೆಯ ಅಪರಾಧ. ಯಾರಾದರೂ ದಲ್ಲಾಳಿ ಬಂದು "ನಾನು ವ್ಯವಸ್ಥೆ ಮಾಡುತ್ತೇನೆ" ಎಂದರೆ ಬಾಗಿಲಿನಿಂದಲೇ ಕಳಿಸಿ. ಮನೆಯಲ್ಲಿ ಹೊಂದುವ ದಾನಿ ಇಲ್ಲದಿದ್ದರೆ ಆಸ್ಪತ್ರೆಯ ಮೂಲಕ ನಮ್ಮ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಮಗುವಿನ ಹೆಸರು ದಾಖಲಾಗುತ್ತದೆ.

ಕಾಗದಪತ್ರದ ಬಗ್ಗೆ ಶಿಕ್ಷಕಿಯಾಗಿ ಒಂದು ಎಚ್ಚರಿಕೆ. ಸಂಬಂಧವನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ನಮ್ಮವರ ಹೆಸರು ಆಧಾರ್‌ನಲ್ಲಿ ಬೇಗಂ, ಪಡಿತರ ಚೀಟಿಯಲ್ಲಿ ಬೀ, ಶಾಲೆಯ ದಾಖಲೆಯಲ್ಲಿ ಬಾನು ಎಂದಿರುತ್ತದೆ. ತಂದೆಯ ಹೆಸರಿನ ಇಂಗ್ಲಿಷ್ ಅಕ್ಷರಗಳು ಮೂರು ಕಡೆ ಮೂರು ಬಗೆ. ಇದನ್ನು ಸರಿಪಡಿಸಲು ವಾರಗಳು ಹಿಡಿಯುತ್ತವೆ, ಮಗುವಿಗೆ ಅಷ್ಟು ಸಮಯ ಇರುವುದಿಲ್ಲ. ಮನೆಯಲ್ಲಿ ರೋಗವಿಲ್ಲದಿದ್ದರೂ ಈ ಹೆಸರುಗಳನ್ನು ಈ ವರ್ಷವೇ ಒಂದೇ ರೀತಿ ಮಾಡಿಸಿಕೊಳ್ಳಿ.

ಕೊಡುವವರ ಮನಸ್ಸು

ನಮ್ಮ ದೇಶದಲ್ಲಿ ಬದುಕಿರುವಾಗ ಅಂಗ ಕೊಟ್ಟವರಲ್ಲಿ ಬಹುಪಾಲು ಹೆಂಗಸರು. ತಾಯಿ ಮಗುವಿಗಾಗಿ ಹಿಂದೆಮುಂದೆ ನೋಡುವುದಿಲ್ಲ ಎಂಬುದು ನಿಜ. ಹಾಗೆಂದು ಅವಳನ್ನು ಕೇಳುವುದೇ ಬೇಡ ಎಂದಲ್ಲ. ದಾನಿ ಹೆಣ್ಣಾದರೆ ಅವಳ ಒಪ್ಪಿಗೆ ಸ್ವತಂತ್ರವಾದದ್ದೇ ಎಂಬುದನ್ನು ವಿಶೇಷ ಎಚ್ಚರದಿಂದ ಖಚಿತಪಡಿಸಿಕೊಳ್ಳಬೇಕೆಂದು 2014ರ ನಿಯಮಗಳೇ ಹೇಳುತ್ತವೆ. ಎಡಭಾಗದ ತುಂಡು ಕೊಡುವವರ ಜೀವಕ್ಕೆ ಇರುವ ಅಪಾಯವನ್ನು ಡಾಕ್ಟರರು ಸಾಮಾನ್ಯವಾಗಿ ಸಾವಿರಕ್ಕೆ ಒಂದರ ಆಸುಪಾಸು ಎನ್ನುತ್ತಾರೆ. ಕಡಿಮೆ, ಆದರೆ ಸೊನ್ನೆಯಲ್ಲ. ಸುಮಾರು ಒಂದು ವಾರ ಆಸ್ಪತ್ರೆ, ಆಮೇಲೆ ಎರಡು ಮೂರು ತಿಂಗಳು ಭಾರ ಎತ್ತಬಾರದು. ಅಂದರೆ ನೀರಿನ ಕೊಡ ಎತ್ತಬಾರದು, ಗ್ಯಾಸ್ ಸಿಲಿಂಡರ್ ಸರಿಸಬಾರದು, ಬಟ್ಟೆ ತುಂಬಿದ ಬಕೆಟ್ಟು ಎತ್ತಬಾರದು. ಚೇತರಿಸಿಕೊಳ್ಳುತ್ತಿರುವ ಮಗುವನ್ನು ಕೂಡ ಅವಳು ಎತ್ತಿಕೊಳ್ಳುವಂತಿಲ್ಲ. ಇದನ್ನು ಅತ್ತೆ, ನಾದಿನಿ, ಗಂಡ ಎಲ್ಲರೂ ಮೊದಲೇ ಕೇಳಿರಬೇಕು. "ಇವಳಿಗೇನಾಗಿದೆ, ರೋಗ ಮಗುವಿಗೆ ತಾನೇ" ಎಂಬ ಮಾತು ಆಮೇಲೆ ಬರಬಾರದು.

ರಕ್ತದ ಗುಂಪು ಹೊಂದಬೇಕು, ಲಿವರಿನಲ್ಲಿ ಕೊಬ್ಬು ಇರಬಾರದು. ಪರೀಕ್ಷೆಯಲ್ಲಿ ಹೊಂದದವರು ಅಪರಾಧಿಗಳಲ್ಲ. ಭಯದಿಂದ ಬೇಡ ಎಂದವರನ್ನೂ ಹಂಗಿಸಬಾರದು. ದಾನಿಯೊಂದಿಗೆ ಡಾಕ್ಟರರು ಒಂಟಿಯಾಗಿ ಮಾತನಾಡುವಾಗ ಮನೆಯವರು ಬಾಗಿಲ ಬಳಿ ನಿಲ್ಲದೆ ದೂರ ಹೋಗಿ ಕುಳಿತುಕೊಳ್ಳಬೇಕು. ಬಲವಂತದಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಮಗುವಿಗೆ ಹೇಳುವ ಮಾತು

ಈಗ ಮಗುವಿನ ವಿಷಯ. "ಅದಕ್ಕೇನು ತಿಳಿಯುತ್ತದೆ" ಎಂದು ನಾವು ಹೇಳುತ್ತೇವೆ. ಬಿಎಡ್ ತರಬೇತಿಯಲ್ಲಿ ಕಲಿತದ್ದಕ್ಕಿಂತ ತರಗತಿಯಲ್ಲಿ ನಾನು ಕಲಿತದ್ದು ಹೆಚ್ಚು: ಹೇಳದೆ ಬಿಟ್ಟ ಜಾಗವನ್ನು ಮಗು ತನ್ನ ಕಲ್ಪನೆಯಿಂದ ತುಂಬಿಕೊಳ್ಳುತ್ತದೆ. ಆ ಕಲ್ಪನೆ ನಿಜಕ್ಕಿಂತ ಹೆಚ್ಚು ಭಯಂಕರವಾಗಿರುತ್ತದೆ. ಹಠ ಮಾಡಿದರೆ ಡಾಕ್ಟರರು ಸೂಜಿ ಚುಚ್ಚುತ್ತಾರೆ ಎಂದು ಹೆದರಿಸುವುದು ನಮ್ಮ ಮನೆಗಳ ವಾಡಿಕೆ. ಅಂತಹ ಮಗು ಆಪರೇಷನ್ನನ್ನು ಶಿಕ್ಷೆ ಎಂದೇ ತಿಳಿಯುತ್ತದೆ. ಮೊದಲು ಆ ಬೆದರಿಕೆ ನಿಲ್ಲಬೇಕು. "ನೀನು ತಪ್ಪು ಮಾಡಿದ್ದಕ್ಕೆ ಇದು ಬಂದಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು, ಒಂದು ಸಲವಲ್ಲ, ಹತ್ತು ಸಲ.

ಮೂರು ನಾಲ್ಕು ವರ್ಷದ ಮಗುವಿಗೆ ಎರಡು ಮೂರು ದಿನ ಮುಂಚೆ ಹೇಳಿದರೆ ಸಾಕು, ಗೊಂಬೆಗೆ ಬ್ಯಾಂಡೇಜು ಕಟ್ಟಿ ತೋರಿಸಬಹುದು. ಶಾಲೆಗೆ ಹೋಗುವ ಮಗುವಿಗೆ ಒಂದೆರಡು ವಾರ ಮೊದಲು ಹೇಳಿ, ಪ್ರಶ್ನೆ ಕೇಳಲು ಬಿಡಿ. ಹರೆಯದ ಮಕ್ಕಳನ್ನು ಮೊದಲ ದಿನದಿಂದಲೇ ಡಾಕ್ಟರರ ಮುಂದೆ ಕೂರಿಸಿಕೊಳ್ಳಬೇಕು. "ಏನೂ ನೋವಾಗುವುದಿಲ್ಲ" ಎಂಬ ಸುಳ್ಳು ಬೇಡ. "ನೋವಾಗುತ್ತದೆ, ಅದಕ್ಕೆ ಔಷಧಿ ಇದೆ, ನೋವಾದರೆ ನರ್ಸಿಗೆ ಹೇಳು" ಎಂಬ ಮಾತು ಬೇಕು. ಎಚ್ಚರವಾದಾಗ ಬಾಯಲ್ಲಿ, ಹೊಟ್ಟೆಯಲ್ಲಿ ಕೊಳವೆಗಳಿರುತ್ತವೆ, ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ ಎಂಬುದನ್ನೂ ತಿಳಿಸಿರಬೇಕು.

ನಮ್ಮ ಆ ಐದು ವರ್ಷದ ಹುಡುಗ ಎರಡು ಪ್ರಶ್ನೆ ಕೇಳಿದ. "ಅಮ್ಮೀಗೂ ನೋವಾಗ್ತದಾ?" ಎಂಬುದು ಒಂದು. "ನಾನು ಎದ್ದಾಗ ಯಾರಿರ್ತಾರೆ?" ಎಂಬುದು ಇನ್ನೊಂದು. ಎರಡನೆಯದನ್ನು ಗಮನಿಸಿ. ತಾಯಿಯೂ ಅದೇ ದಿನ ಹಾಸಿಗೆಯಲ್ಲಿರುತ್ತಾಳೆ. ಎದ್ದಾಗ ಅಮ್ಮಿ ಇರುತ್ತಾಳೆ ಎಂದು ಹೇಳಿದರೆ ಅದು ಸುಳ್ಳು. ಅಬ್ಬಾ ಇರುತ್ತೇನೆ, ಅಮ್ಮಿ ಬೇರೆ ಕೋಣೆಯಲ್ಲಿ ಮಲಗಿರುತ್ತಾಳೆ, ನಡೆಯುವಂತಾದಾಗ ಬರುತ್ತಾಳೆ ಎಂದು ತಂದೆ ಹೇಳಿದರು. ಹಾಗೆಯೇ ನಡೆಯಿತು. ಮಗು ಅತ್ತಿತು, ಆದರೆ ಮೋಸ ಹೋದೆ ಎಂದು ಅಳಲಿಲ್ಲ.

ಮನೆಯಲ್ಲಿ ಉಳಿದ ಮಕ್ಕಳು

ಎಲ್ಲರ ಕಣ್ಣು ರೋಗಿಯ ಮೇಲಿರುವಾಗ ಮರೆತುಹೋಗುವುದು ಅಣ್ಣ, ಅಕ್ಕ, ತಂಗಿಯರನ್ನು. ನನ್ನ ವಿದ್ಯಾರ್ಥಿನಿಯನ್ನು ಖಾಲಾ ಮನೆಗೆ ಕಳಿಸಿದ್ದರು. ಅವಳ ನೋಟುಪುಸ್ತಕದಲ್ಲಿ ಎರಡು ವಾರ ಒಂದು ಸಾಲೂ ಇರಲಿಲ್ಲ. ಕೇಳಿದರೆ ಅತ್ತಳು. ಅಮ್ಮಿಯ ಹೊಟ್ಟೆ ಕೊಯ್ದರೆ ಅಮ್ಮಿಯೂ ಸಾಯುತ್ತಾಳೆ ಎಂದು ನೆಂಟರ ಹುಡುಗನೊಬ್ಬ ಹೇಳಿದ್ದ. ಅವಳನ್ನು ಕೂರಿಸಿಕೊಂಡು ಮಾತನಾಡಲು ಮನೆಯಲ್ಲಿ ಯಾರಿಗೂ ಪುರುಸೊತ್ತು ಆಗಿರಲಿಲ್ಲ. ಒಂದು ಸಂಜೆ ಅವಳ ಅಬ್ಬಾ ಶಾಲೆಗೇ ಬಂದು, ಕರಿಹಲಗೆಯ ಮೇಲೆ ಲಿವರಿನ ಚಿತ್ರ ಬರೆದು, ಎಷ್ಟು ತುಂಡು, ಎಲ್ಲಿಂದ ಎಲ್ಲಿಗೆ ಎಂದು ವಿವರಿಸಿದರು. ಅವಳಿಗೆ ಒಂದು ಕೆಲಸವನ್ನೂ ಕೊಟ್ಟರು. ತಮ್ಮನ ಮಾತ್ರೆಗಳ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಉರ್ದು ಮತ್ತು ಕನ್ನಡ ಎರಡರಲ್ಲೂ ಬರೆಯುವುದು ಆ ಕೆಲಸ. ಆ ಪಟ್ಟಿ ಇಂದಿಗೂ ಅವರ ಅಡುಗೆಮನೆಯ ಗೋಡೆಯ ಮೇಲಿದೆ.

ಶಿಕ್ಷಕರಲ್ಲಿ ನನ್ನ ವಿನಂತಿ: ಇಂತಹ ಮನೆಯ ಮಕ್ಕಳ ಅಂಕ ಇಳಿದರೆ ಗದರಿಸುವ ಮೊದಲು ಮನೆಯಲ್ಲಿ ಏನಾಗುತ್ತಿದೆ ಎಂದು ವಿಚಾರಿಸಿ.

ಕೆಲಸ ಹಂಚಿಕೆ ಮತ್ತು ಹಣ

ಆಪರೇಷನ್ನಿನ ತಿಂಗಳು ಮೊದಲೇ ಒಂದು ಹಾಳೆಯಲ್ಲಿ ಕೆಲಸಗಳನ್ನು ಬರೆದು ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಹಾಕಿ. ಮಗುವಿನ ಬಳಿ ಯಾರು, ತಾಯಿಯ ಬಳಿ ಯಾರು, ಮನೆಯ ಮಕ್ಕಳನ್ನು ನೋಡುವವರು ಯಾರು, ರಕ್ತದಾನಿಗಳನ್ನು ಕರೆತರುವವರು ಯಾರು, ಬಿಲ್ಲು ಮತ್ತು ಕಾಗದಪತ್ರ ಯಾರದು ಎಂದು ಗೊತ್ತಿರಲಿ. ಫೋನಿಗೆ ಉತ್ತರ ಕೊಡಲು ಒಬ್ಬರೇ ಇರಲಿ. ಐವತ್ತು ನೆಂಟರಿಗೆ ಐವತ್ತು ಸಲ ಒಂದೇ ಕಥೆ ಹೇಳುವ ಶಕ್ತಿ ತಂದೆಗೆ ಆ ದಿನ ಇರುವುದಿಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಲಿವರ್ ಕಸಿಗೆ ಹತ್ತಾರು ಲಕ್ಷ ರೂಪಾಯಿ ಆಗುತ್ತದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಅಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರದ ನೆರವಿದೆ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗಳಿಗೂ ಅರ್ಜಿ ಹಾಕಬಹುದು. ಅರ್ಜಿಗಳನ್ನು ಆಪರೇಷನ್ನಿಗೆ ಮೊದಲೇ ಹಾಕಬೇಕು. ಮುಖ್ಯವಾಗಿ, ಇದ್ದ ಒಡವೆ, ಜಾಗ ಎಲ್ಲವನ್ನೂ ಆಪರೇಷನ್ನಿಗೇ ಮುಗಿಸಬೇಡಿ. ಆಮೇಲಿನ ಎರಡು ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಬಾಡಿಗೆಗೆ ಇರಬೇಕಾಗುತ್ತದೆ. ರಕ್ತಪರೀಕ್ಷೆ ಮತ್ತೆ ಮತ್ತೆ ಇರುತ್ತದೆ. ಮಾತ್ರೆ ಜೀವನಪೂರ್ತಿ. ಮೊದಲ ವರ್ಷದ ಔಷಧಿಯ ಹಣವನ್ನು ಬೇರೆಯಾಗಿ ತೆಗೆದಿಡಿ.

ಆಪರೇಷನ್ನಿನ ನಂತರ

ದೇಹ ಹೊಸ ಲಿವರನ್ನು ಪರಕೀಯವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಅದನ್ನು ತಡೆಯಲು ಟ್ಯಾಕ್ರೊಲಿಮಸ್‌ನಂತಹ ಔಷಧಿಯನ್ನು ಸಾಮಾನ್ಯವಾಗಿ 12 ಗಂಟೆಗೊಮ್ಮೆ ಕೊಡುತ್ತಾರೆ. ಇದರಿಂದ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಕೆಲವು ಕಟ್ಟುಪಾಡು.

ರೋಗಿಯನ್ನು ನೋಡಲು ಹೋಗುವುದು, ಇಯಾದತ್, ನಮ್ಮಲ್ಲಿ ಪುಣ್ಯದ ಕೆಲಸ. ಆದರೆ ಕಸಿಯಾದ ಮಗುವಿನ ಹಾಸಿಗೆಯ ಸುತ್ತ ಹತ್ತು ಜನ ನಿಂತರೆ ಒಬ್ಬರ ನೆಗಡಿಯೇ ಅದಕ್ಕೆ ಕಂಟಕ. ಮೊದಲ ತಿಂಗಳುಗಳಲ್ಲಿ ದುವಾ ದೂರದಿಂದಿರಲಿ, ಊಟದ ಡಬ್ಬಿ ಬಾಗಿಲವರೆಗೆ ಬರಲಿ. ದಡಾರ, ಸೀತಾಳೆ ಸಿಡುಬು ಇವುಗಳಂತಹ ಜೀವಂತ ಲಸಿಕೆಗಳನ್ನು ಸಾಧ್ಯವಿದ್ದರೆ ಆಪರೇಷನ್ನಿಗೆ ಮೊದಲೇ, ಡಾಕ್ಟರರು ಹೇಳಿದ ಅಂತರದಲ್ಲಿ ಹಾಕಿಸಬೇಕು. ಮನೆಯ ಉಳಿದ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವ ಮೊದಲೂ ಡಾಕ್ಟರರನ್ನು ಕೇಳಿ. ಚಕ್ಕೋತ ಹಣ್ಣು ಈ ಔಷಧಿಯ ಪ್ರಮಾಣವನ್ನು ರಕ್ತದಲ್ಲಿ ಏರಿಸಬಲ್ಲದು, ಅದು ಬೇಡ. ನಾಟಿ ಔಷಧಿ, ಹಕೀಮರ ಪುಡಿ ಯಾವುದನ್ನೂ ಕೇಳದೆ ಕೊಡಬೇಡಿ.

ರಂಜಾನಿನ ವಿಷಯ. ನಮ್ಮ ಪ್ರದೇಶದಲ್ಲಿ ಸೆಹ್ರಿಯಿಂದ ಇಫ್ತಾರಿನವರೆಗೆ 12 ಗಂಟೆಗೂ ಹೆಚ್ಚು ಸಮಯವಾಗುತ್ತದೆ, ಮಾತ್ರೆಯ ಗಡಿಯಾರ ತಪ್ಪುತ್ತದೆ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ ಎಂಬುದು ನಮಗೆಲ್ಲ ಗೊತ್ತಿರುವ ಮಾತು. ಬೆಳೆದ ಮಗು ಗೆಳೆಯರಂತೆ ರೋಝಾ ಹಿಡಿಯುತ್ತೇನೆ ಎಂದಾಗ ಡಾಕ್ಟರ್ ಮತ್ತು ಆಲಿಮ್ ಇಬ್ಬರನ್ನೂ ಕೇಳದೆ ಹೂಂ ಅನ್ನಬೇಡಿ.

ವಿದ್ಯಾರ್ಥಿಗಳೇ, ಈಗ ನಿಮಗೆ ಎರಡು ಮಾತು. ಇಂತಹ ಸಹಪಾಠಿ ತರಗತಿಗೆ ಮರಳಿದಾಗ ಮುಖ ಊದಿಕೊಂಡಿರಬಹುದು, ಮಾಸ್ಕ್ ಹಾಕಿರಬಹುದು. ಅದು ಔಷಧಿಯ ಪರಿಣಾಮ ಮತ್ತು ಎಚ್ಚರಿಕೆ. ಅವನ ರೋಗ ನಿಮಗೆ ಅಂಟುವುದಿಲ್ಲ, ನಿಮ್ಮ ನೆಗಡಿ ಅವನಿಗೆ ಅಂಟುತ್ತದೆ. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಆ ದಿನವೇ ಶಿಕ್ಷಕರಿಗೆ ತಿಳಿಸಿ.

ಎರಡನೆಯದು ಇನ್ನೂ ಮುಖ್ಯ. ಕಸಿಯಾದ ಮಕ್ಕಳು ಅಪಾಯಕ್ಕೆ ಸಿಲುಕುವ ವಯಸ್ಸುಗಳಲ್ಲಿ ಹರೆಯವೂ ಒಂದು ಎಂದು ಡಾಕ್ಟರರು ಹೇಳುತ್ತಾರೆ. ಮೈ ಚೆನ್ನಾಗಿರುತ್ತದೆ, ತಾಯಿಯ ಕೈಯಿಂದ ಮಾತ್ರೆ ತೆಗೆದುಕೊಳ್ಳಲು ನಾಚಿಕೆ, ಗೆಳೆಯರ ಮುಂದೆ ನುಂಗಲು ಸಂಕೋಚ. ಒಂದು ಹೊತ್ತು ಬಿಟ್ಟರೆ ಏನೂ ಆಗಲಿಲ್ಲ ಎನಿಸುತ್ತದೆ, ಹಾಗೆಯೇ ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ಲಿವರ್ ಒಳಗಿಂದ ಹಾಳಾಗಿರುತ್ತದೆ. ಅದಕ್ಕಾಗಿಯೇ ಹೇಳುತ್ತೇನೆ, ಐದನೇ ವರ್ಷದಲ್ಲಿ ಮಗುವಿಗೆ ನಿಜ ಹೇಳಿದ ಮನೆಗೆ ಹದಿನೈದನೇ ವರ್ಷದಲ್ಲಿ ಮಾತ್ರೆ ನುಂಗಿಸುವ ಜಗಳ ಕಡಿಮೆ. ತನ್ನ ಹೊಟ್ಟೆಯಲ್ಲಿ ಯಾರ ಜಿಗರ್ ಇದೆ ಎಂದು ಗೊತ್ತಿರುವ ಮಗು ಅದನ್ನು ಜೋಪಾನ ಮಾಡುವುದನ್ನೂ ಕಲಿಯುತ್ತದೆ. ನಮ್ಮ ಆ ಹುಡುಗ ಈಗ ಮೂರನೇ ತರಗತಿಯಲ್ಲಿದ್ದಾನೆ. ಅಲ್‌ಹಮ್ದುಲಿಲ್ಲಾಹ್, ರಾತ್ರಿಯ ಮಾತ್ರೆಯನ್ನು ಅವನೇ ನೆನಪಿಸುತ್ತಾನೆ.

ಸಂಸ್ಥೆಯ ಮುಂದೆ ಕೋರಿಕೆ

ಕೊನೆಯದಾಗಿ ಸಂಸ್ಥೆಯ ಮುಂದೆ ಮೂರು ಕೋರಿಕೆ ಇಡುತ್ತೇನೆ. ಒಂದು, ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಬಲ್ಲ ಹತ್ತು ಜನ ಸದಸ್ಯರ ಪಟ್ಟಿ ಮಾಡೋಣ. ಯಾವ ಮನೆಯವರಿಗೆ ಆಸ್ಪತ್ರೆಯಲ್ಲಿ ಮಾತು ದಾಟಿಸುವವರು ಬೇಕೋ ಅವರ ಜೊತೆ ಒಬ್ಬರು ಹೋಗಲಿ. ಎರಡು, ನಮ್ಮ ಹಳೆಯ ವಿದ್ಯಾರ್ಥಿಗಳ ರಕ್ತದ ಗುಂಪು ಬರೆದಿಡೋಣ. ಮೂರು, ಕಾಗದಪತ್ರಗಳಲ್ಲಿ ಹೆಸರು ಸರಿಪಡಿಸುವ ಶಿಬಿರವನ್ನು ವರ್ಷಕ್ಕೊಮ್ಮೆ ಶಾಲೆಯಲ್ಲೇ ನಡೆಸೋಣ. ಈ ಮೂರಕ್ಕೂ ದೊಡ್ಡ ಹಣ ಬೇಕಿಲ್ಲ, ಸಮಯ ಕೊಡುವ ಮನಸ್ಸು ಬೇಕು.

ನಮ್ಮ ಮಕ್ಕಳಲ್ಲಿ ಯಾರಿಗೂ ಇಂತಹ ದಿನ ಬಾರದಿರಲಿ ಎಂದು ದುವಾ ಮಾಡೋಣ. ಬಂದ ಮನೆಗೆ ಅಲ್ಲಾಹನು ಶಿಫಾ ಮತ್ತು ಸಬರ್ ನೀಡಲಿ, ಅವರ ಪಕ್ಕದಲ್ಲಿ ನಿಲ್ಲುವ ತೌಫೀಕ್ ನಮಗೂ ನೀಡಲಿ.